ಬೆಂಗಳೂರಿನಲ್ಲಿ ರೊನಾಲ್ಡ್ ರಾಸ್

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬೆಂಗಳೂರು ಎಂಬ ಹೆಸರಿನಲ್ಲಿ ಎರಡು ಊರುಗಳಿದ್ದವು. ಪಶ್ಚಿಮಕ್ಕೆ ಕೆಂಪೇಗೌಡನು 1537ರಲ್ಲಿ ಕಟ್ಟಿಸಿದ ಹಳೆಯ ಪೇಟೆ. ಅಲ್ಲಿನ ಚಿಕ್ಕಪೇಟೆ, ದೊಡ್ಡಪೇಟೆ, ಬಳೇಪೇಟೆ, ಅರಳೇಪೇಟೆಗಳ ಇಕ್ಕಟ್ಟಾದ ಬೀದಿಗಳಲ್ಲಿ ಜವಳಿ ವ್ಯಾಪಾರಿಗಳೂ ನೇಕಾರರೂ ಅಕ್ಕಸಾಲಿಗರೂ ಒಂದರ ಗೋಡೆಗೆ ಮತ್ತೊಂದು ತಗುಲಿದ ಮನೆಗಳಲ್ಲಿ ವಾಸಿಸುತ್ತಿದ್ದರು. ಅದು ಮೈಸೂರು ಮಹಾರಾಜರ ಆಡಳಿತಕ್ಕೆ ಸೇರಿದ್ದ ಊರು. ಪೂರ್ವಕ್ಕೆ ಬ್ರಿಟಿಷ್ ಸೇನೆ ನೆಲೆಸಿದ್ದ ದಂಡು. ಅದರ ಆಡಳಿತ ಬ್ರಿಟಿಷ್ ರೆಸಿಡೆಂಟನದು. ಎರಡಕ್ಕೂ ಪುರಸಭೆಗಳು ಬೇರೆ, ಕಾನೂನು ಬೇರೆ, ಅಧಿಕಾರಿಗಳು ಬೇರೆ. ಆದರೆ ಎರಡೂ ಕಡೆಯ ಜನ ಕುಡಿಯುತ್ತಿದ್ದುದು ಕೆರೆ ಬಾವಿಗಳ ನೀರನ್ನೇ. ಪೇಟೆಯವರಿಗೆ ಧರ್ಮಾಂಬುಧಿ ಕೆರೆ ಆಧಾರವಾಗಿತ್ತು. ಇಂದು ಅದೇ ಜಾಗದಲ್ಲಿ ಕೆಂಪೇಗೌಡ ಬಸ್ ನಿಲ್ದಾಣವಿದೆ. ದಂಡಿನವರಿಗೆ ಹಲಸೂರು ಕೆರೆಯೇ ಮೊದಲಾದ ಕೆರೆಗಳೂ ಬೀದಿಬೀದಿಯ ಬಾವಿಗಳೂ ಇದ್ದವು. ಮಳೆ ಬಂದಾಗ ಬೀದಿಯ ಕೊಳೆ ಬಾವಿಗೆ ಇಳಿಯುತ್ತಿತ್ತು. ಮಳೆ ಬಾರದಿದ್ದಾಗ ತಳಕ್ಕೆ ಇಳಿದ ನೀರನ್ನೇ ಎಲ್ಲರೂ ಸೇದುತ್ತಿದ್ದರು. ಹೀಗಿರುವಲ್ಲಿ ವಾಂತಿಭೇದಿ ಎಂದು ಜನ ಕರೆಯುತ್ತಿದ್ದ ಕಾಲರಾ ರೋಗ ಆಗಾಗ ಬಂದುಹೋಗುತ್ತಿದ್ದುದರಲ್ಲಿ ಆಶ್ಚರ್ಯವೇನೂ ಇಲ್ಲ. ಬೆಳಗ್ಗೆ ಆರೋಗ್ಯದಿಂದಿದ್ದವನು ಸಂಜೆಗೆ ಶವವಾಗುತ್ತಿದ್ದನು. ಜನ ಮಾರಿಯ ಗುಡಿಗೆ ಹರಕೆ ಹೊರುತ್ತಿದ್ದರು.

1895ರಲ್ಲಿ ಇಂತಹ ಒಂದು ಪಿಡುಗು ಬೆಂಗಳೂರಿನಲ್ಲಿ ತಲೆದೋರಿತು. ಅದನ್ನು ಹತೋಟಿಗೆ ತರಲು ಆ ವರ್ಷದ ಸೆಪ್ಟೆಂಬರ್ ತಿಂಗಳಿನಲ್ಲಿ ಸಿಕಂದರಾಬಾದಿನಿಂದ ಒಬ್ಬ ಸೇನಾವೈದ್ಯನನ್ನು ಕರೆಸಿದರು. ಮೂವತ್ತೆಂಟು ವರ್ಷ ವಯಸ್ಸಿನ ಆ ವೈದ್ಯನಿಗೆ ಇಲ್ಲಿಗೆ ಬರುವ ಮನಸ್ಸು ಸ್ವಲ್ಪವೂ ಇರಲಿಲ್ಲ. ಅವನ ಚಿತ್ತವೆಲ್ಲ ಬೇರೊಂದು ರೋಗದ ಮೇಲೆ, ಬೇರೊಂದು ಜೀವಿಯ ಮೇಲೆ ನೆಟ್ಟಿತ್ತು. ಅವನೇ ರೊನಾಲ್ಡ್ ರಾಸ್.

ರಾಸ್ ಹುಟ್ಟಿದ್ದು ಹಿಮಾಲಯದ ತಪ್ಪಲಿನ ಅಲ್ಮೋರದಲ್ಲಿ, 1857ರ ಮೇ 13ರಂದು. ಮೀರತ್‌ನಲ್ಲಿ ಸಿಪಾಯಿಗಳು ದಂಗೆಯೆದ್ದು ಆಗ ಮೂರು ದಿನಗಳಾಗಿದ್ದವು. ತಂದೆ ಬ್ರಿಟಿಷರ ಭಾರತೀಯ ಸೇನೆಯ ಅಧಿಕಾರಿ. ಹತ್ತು ಮಕ್ಕಳಲ್ಲಿ ರೊನಾಲ್ಡನೇ ಹಿರಿಯನು. ಎಂಟನೆಯ ವಯಸ್ಸಿನಲ್ಲಿ ಅವನನ್ನು ವಿದ್ಯಾಭ್ಯಾಸಕ್ಕಾಗಿ ಇಂಗ್ಲೆಂಡಿಗೆ ಕಳುಹಿಸಿದರು. ಹುಡುಗನಿಗೆ ಚಿತ್ರ ಬರೆಯುವ ಹುಚ್ಚು, ಕವಿತೆ ಕಟ್ಟುವ ಹುಚ್ಚು, ಸಂಗೀತದ ಹುಚ್ಚು, ಗಣಿತದ ಹುಚ್ಚು. ವೈದ್ಯನಾಗಬೇಕೆಂಬ ಆಸೆ ಮಾತ್ರ ಇರಲಿಲ್ಲ. ಅದು ತಂದೆಯ ಆಸೆ. ಮಗನು ತಂದೆಯ ಮಾತನ್ನು ಮೀರಲಾರದೆ 1874ರಲ್ಲಿ ಲಂಡನ್ನಿನ ಸಂತ ಬಾರ್ಥಲೋಮಿಯೋ ಆಸ್ಪತ್ರೆಯ ವೈದ್ಯಶಾಲೆಗೆ ಸೇರಿದನು; ಅರೆಮನಸ್ಸಿನಿಂದ ಓದಿ, 1881ರಲ್ಲಿ ಭಾರತೀಯ ವೈದ್ಯಕೀಯ ಸೇವೆಯನ್ನು ಪ್ರವೇಶಿಸಿದನು.

ಬೆಂಗಳೂರು ಅವನಿಗೆ ಅಪರಿಚಿತವಾಗಿರಲಿಲ್ಲ. 1883ರಲ್ಲಿ ಅವನು ಇಲ್ಲಿನ ದಂಡಿನಲ್ಲಿ ಹಂಗಾಮಿ ವೈದ್ಯಾಧಿಕಾರಿಯಾಗಿದ್ದನು. ವಾಸಕ್ಕೆ ಒಳ್ಳೆಯ ಬಂಗಲೆ ಸಿಕ್ಕಿತ್ತು, ಕಾಟವೆಲ್ಲ ಸೊಳ್ಳೆಗಳದು. ಸುತ್ತಲೂ ಹುಡುಕಿದಾಗ ಕಿಟಕಿಯ ಹೊರಗೆ ಇಟ್ಟಿದ್ದ ಒಂದು ನೀರಿನ ತೊಟ್ಟಿಯಲ್ಲಿ ಮರಿಹುಳುಗಳು ಮಿಜಿಮಿಜಿ ಎನ್ನುತ್ತಿದ್ದುದು ಕಣ್ಣಿಗೆ ಬಿತ್ತು. ತೊಟ್ಟಿಯನ್ನು ಬೋರಲು ಹಾಕಿಸಿದನು. ಸೊಳ್ಳೆಗಳು ಬಹುಮಟ್ಟಿಗೆ ಕಡಿಮೆಯಾದವು. ಇದನ್ನು ಅಧಿಕಾರಿಗಳ ಭೋಜನಶಾಲೆಗೂ ಅನ್ವಯಿಸೋಣವೆಂದು ಸೂಚಿಸಿದಾಗ ಅಲ್ಲಿನ ಸೇನಾಧಿಕಾರಿ ಒಪ್ಪಲಿಲ್ಲ. ಸೃಷ್ಟಿಯ ಕ್ರಮವನ್ನು ಕೆಡಿಸಬಾರದು, ಸೊಳ್ಳೆಗಳನ್ನು ದೇವರು ಯಾವುದೋ ಉದ್ದೇಶಕ್ಕಾಗಿಯೇ ನಿರ್ಮಿಸಿರಬೇಕು ಎಂಬುದು ಆತನ ವಾದ. ರಾಸ್ ಸುಮ್ಮನಾದನು. ಆ ಪುಟ್ಟ ತೊಟ್ಟಿ ಮುಂದೆ ಅವನ ಬದುಕಿನ ದಿಕ್ಕನ್ನು ತಿಳಿಸುವ ಗುರುತಾಗುವುದೆಂದು ಆಗ ಅವನಿಗೂ ತಿಳಿದಿರಲಿಲ್ಲ.

1888ರಲ್ಲಿ ರಜೆಯ ಮೇಲೆ ಇಂಗ್ಲೆಂಡಿಗೆ ಹೋದಾಗ ಅವನು ಸಾರ್ವಜನಿಕ ಆರೋಗ್ಯಶಾಸ್ತ್ರದಲ್ಲಿ ಡಿಪ್ಲೊಮಾ ಪಡೆದನು. ಕ್ಲೈನ್ ಎಂಬ ವಿದ್ವಾಂಸನ ಬಳಿ ಸೂಕ್ಷ್ಮಜೀವಿಶಾಸ್ತ್ರವನ್ನೂ ಕಲಿತನು. ಇಲ್ಲಿ ಒಂದು ವಿನೋದವಿದೆ. ಜರ್ಮನಿಯ ರಾಬರ್ಟ್ ಕಾಕ್ 1884ರಲ್ಲಿ ಕಲ್ಕತ್ತೆಗೆ ಬಂದು, ಕಾಲರಾ ರೋಗಿಗಳ ಕರುಳಿನಲ್ಲಿಯೂ ಅವರು ಬಳಸುತ್ತಿದ್ದ ಕೆರೆಯ ನೀರಿನಲ್ಲಿಯೂ ಅಲ್ಪವಿರಾಮದ ಆಕಾರದ ಒಂದು ಬ್ಯಾಕ್ಟೀರಿಯವನ್ನು ಕಂಡು, ಇದೇ ರೋಗಕಾರಣವೆಂದು ಸಾರಿದ್ದನು. ಅದನ್ನು ಬಲವಾಗಿ ಅಲ್ಲಗಳೆದವರಲ್ಲಿ ಈ ಕ್ಲೈನನೂ ಒಬ್ಬನು. ಬೆಂಗಳೂರಿನ ಕಾಲರಾವನ್ನು ಎದುರಿಸಬೇಕಾದವನು ಸೂಕ್ಷ್ಮದರ್ಶಕದ ಪಾಠವನ್ನು ಕಲಿತದ್ದು ಕಾಕ್‌ನ ಎದುರಾಳಿಯಿಂದ! ಆದರೂ ಆ ಪಾಠ ವ್ಯರ್ಥವಾಗಲಿಲ್ಲ. ಅಲ್ಲಿಯವರೆಗೆ ಮದ್ದು ಬರೆದುಕೊಡುವ ವೈದ್ಯನಾಗಿದ್ದ ರಾಸ್ ರೋಗದ ಮೂಲವನ್ನು ಹುಡುಕುವ ವೈದ್ಯನಾದನು. 1889ರಲ್ಲಿ ರೋಸಾ ಬ್ಲಾಕ್ಸಮ್ ಎಂಬಾಕೆಯನ್ನು ಮದುವೆಯಾಗಿ ಭಾರತಕ್ಕೆ ಮರಳಿದನು.

1894ರಲ್ಲಿ ಲಂಡನ್ನಿನಲ್ಲಿ ಪ್ಯಾಟ್ರಿಕ್ ಮ್ಯಾನ್ಸನ್ ಎಂಬ ಹಿರಿಯ ವೈದ್ಯನು ರಾಸ್‌ಗೆ ಮಲೇರಿಯದ ಪರೋಪಜೀವಿಯನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿಕೊಟ್ಟನು. ಈ ಜೀವಿಯು ರೋಗಿಯ ರಕ್ತದಿಂದ ಸೊಳ್ಳೆಯ ಹೊಟ್ಟೆಗೆ ಹೋಗುತ್ತದೆ, ಸೊಳ್ಳೆ ನೀರಿನಲ್ಲಿ ಸಾಯುತ್ತದೆ, ಆ ನೀರನ್ನು ಕುಡಿದವನಿಗೆ ಜ್ವರ ಬರುತ್ತದೆ ಎಂಬುದು ಮ್ಯಾನ್ಸನ್ನನ ಊಹೆ. ಅದನ್ನು ಸಾಧಿಸುವ ಹಂಬಲ ಹೊತ್ತು ರಾಸ್ 1895ರಲ್ಲಿ ಸಿಕಂದರಾಬಾದಿಗೆ ಬಂದನು. ರೋಗಿಗಳನ್ನು ಹುಡುಕಿ, ಸೊಳ್ಳೆಗಳನ್ನು ಸಾಕಿ, ಅವುಗಳ ಹೊಟ್ಟೆಯನ್ನು ಸೀಳಿ ನೋಡುತ್ತ ಕುಳಿತನು. ಕೆಲಸ ಕುದುರುತ್ತಿದೆ ಎನ್ನುವಾಗಲೇ ಬೆಂಗಳೂರಿಗೆ ಹೋಗಬೇಕೆಂಬ ಆಜ್ಞೆ ಬಂದಿತು.

ಅವನ ಅಧಿಕಾರ ದಂಡು ಪ್ರದೇಶಕ್ಕೆ ಮಾತ್ರ ಸೀಮಿತವಾಗಿತ್ತು. ಮಲೇರಿಯದ ಜೀವಿಯನ್ನು ಹುಡುಕುವವನಿಗೆ ಬೇಕಾದದ್ದು ಏಕಾಂತ ಮತ್ತು ಸೂಕ್ಷ್ಮದರ್ಶಕ. ಕಾಲರಾವನ್ನು ತಡೆಯುವವನಿಗೆ ಒದಗುವುದು ಚರಂಡಿ, ಕಕ್ಕಸು, ಬಾವಿಕಟ್ಟೆ, ಮಾರುಕಟ್ಟೆ ಮತ್ತು ಪುರಸಭೆಯ ಕಡತ. ಇಷ್ಟವಿಲ್ಲದ ಕೆಲಸವೆಂದು ರಾಸ್ ಅದನ್ನು ಅಸಡ್ಡೆ ಮಾಡಲಿಲ್ಲ. ಪಿಡುಗು ಇಳಿದ ಮೇಲೂ ಇಲ್ಲಿಯೇ ನಿಂತು ಊರಿನ ನೈರ್ಮಲ್ಯವನ್ನು ಸರಿಪಡಿಸುವುದರಲ್ಲಿ ತೊಡಗಿದನು. ದಂಡಿನ ಕಾಲರಾ, ಸಾಮಾನ್ಯ ನೈರ್ಮಲ್ಯ, ನೈರ್ಮಲ್ಯ ಇಲಾಖೆ ಮತ್ತು ಅದರ ನಿಯಮಗಳು, ಇವೆಲ್ಲವನ್ನೂ ಪರಿಶೀಲಿಸಿ ಒಂದು ವರದಿಯನ್ನು ಸಿದ್ಧಪಡಿಸಿದನು. ಮಲೇರಿಯದ ಕೀರ್ತಿಯ ಮುಂದೆ ಆ ವರದಿಯನ್ನು ನೆನೆಯುವವರು ವಿರಳ.

ಕಾಲರಾದ ಬ್ಯಾಕ್ಟೀರಿಯ ಗಾಳಿಯಲ್ಲಿ ಹಾರಿ ಬರುವುದಿಲ್ಲ; ಮೈ ಮುಟ್ಟಿದ ಮಾತ್ರಕ್ಕೆ ಅಂಟುವುದಿಲ್ಲ. ಅದು ಬಾಯಿಂದಲೇ ಒಳಹೊಕ್ಕಬೇಕು. ರೋಗಿಯ ಮಲದಿಂದ ಹೊರಟು ಬಾವಿಗೆ, ಕೆರೆಗೆ, ತೊಳೆಯದ ಕೈಗೆ, ಆ ಕೈ ಮುಟ್ಟಿದ ತಂಗಳನ್ನಕ್ಕೆ, ಹೆಚ್ಚಿಟ್ಟ ಹಣ್ಣಿಗೆ, ಬೇಯಿಸದ ಮೀನಿಗೆ ಬಂದು, ಅಲ್ಲಿಂದ ಮತ್ತೊಬ್ಬನ ಹೊಟ್ಟೆಯನ್ನು ಸೇರುತ್ತದೆ. ಸಣ್ಣ ಕರುಳಿಗೆ ಕಚ್ಚಿಕೊಂಡು ಒಂದು ವಿಷವನ್ನು ಉಗುಳುತ್ತದೆ. ಕರುಳಿನ ಗೋಡೆಯ ಜೀವಕೋಶಗಳು ಅದರ ಪ್ರಭಾವದಿಂದ ನೀರನ್ನೂ ಲವಣವನ್ನೂ ಹೊರಕ್ಕೆ ಸುರಿಯತೊಡಗುತ್ತವೆ. ರೋಗ ತೀವ್ರವಾದರೆ ಒಂದೇ ದಿನದಲ್ಲಿ ಹತ್ತು ಲೀಟರಿಗೂ ಹೆಚ್ಚು ದ್ರವ ನಷ್ಟವಾಗಬಹುದು. ರೋಗಿ ಸಾಯುವುದು ಈ ಒಣಗುವಿಕೆಯಿಂದ. ಈ ವಿಷದ ಸ್ವರೂಪವನ್ನು 1959ರಲ್ಲಿ ಪ್ರಯೋಗದಿಂದ ತೋರಿಸಿಕೊಟ್ಟವರು ಕಲ್ಕತ್ತೆಯ ಶಂಭುನಾಥ ಡೇ. 1971ರಲ್ಲಿ ಬಂಗಾಳದ ಗಡಿಯ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಉಪ್ಪು ಸಕ್ಕರೆಗಳನ್ನು ಬೆರೆಸಿದ ನೀರನ್ನು ಕುಡಿಸಿ ಸಾವಿರಾರು ಜೀವಗಳನ್ನು ಉಳಿಸಿದವರು ದಿಲೀಪ್ ಮಹಲನಾಬೀಸ್. ರಾಸ್‌ನ ಕಾಲಕ್ಕೆ ಇವೆಲ್ಲ ಭವಿಷ್ಯದ ಗರ್ಭದಲ್ಲಿದ್ದವು. ಬ್ಯಾಕ್ಟೀರಿಯವನ್ನು ದೇಹದೊಳಗೇ ಕೊಲ್ಲುವ ಮದ್ದು ಅವನ ಪೆಟ್ಟಿಗೆಯಲ್ಲಿ ಒಂದೂ ಇರಲಿಲ್ಲ. ರೋಗವು ಬಾಯಿಗೆ ಬರುವ ದಾರಿಯನ್ನು ಕಡಿಯುವುದೊಂದೇ ಅವನಿಗೆ ಉಳಿದಿದ್ದ ಉಪಾಯ.

ಅಂತಹ ಮದ್ದುಗಳು ಆಮೇಲೆ ಬಂದವು. ಅಲೆಗ್ಸಾಂಡರ್ ಫ್ಲೆಮಿಂಗನು ಪೆನಿಸಿಲಿನ್ನನ್ನು ಗುರುತಿಸಿದ್ದು 1928ರಲ್ಲಿ. ಆಗ ರಾಸ್ ಬದುಕಿದ್ದನು. 1948ರಲ್ಲಿ, ಆಂಧ್ರದ ಎಲ್ಲಾಪ್ರಗಡ ಸುಬ್ಬರಾವ್ ಅವರು ಸಂಶೋಧನೆಯ ಹೊಣೆ ಹೊತ್ತಿದ್ದ ಅಮೆರಿಕದ ಪ್ರಯೋಗಶಾಲೆಯಿಂದ ಆರಿಯೋಮೈಸಿನ್ ಹೊರಬಂದಿತು. ಅದು ಟೆಟ್ರಾಸೈಕ್ಲಿನ್ ಎಂಬ ಔಷಧವರ್ಗದಲ್ಲಿ ಮೊದಲನೆಯದು. ಕಾಲರಾ ರೋಗಿಗೆ ನೀರು ಲವಣಗಳ ಜೊತೆಗೆ ಟೆಟ್ರಾಸೈಕ್ಲಿನ್ ಕೊಟ್ಟರೆ ಭೇದಿ ಬೇಗ ನಿಲ್ಲುತ್ತದೆಂದು ಕಂಡುಬಂದಾಗ, ಇನ್ನು ಈ ರೋಗದ ಕಥೆ ಮುಗಿಯಿತೆಂದು ಅನೇಕರು ಭಾವಿಸಿದರು.

ಆದರೆ ಬ್ಯಾಕ್ಟೀರಿಯ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ವಸ್ತುವಲ್ಲ. ಹೊಲದಲ್ಲಿ ಬೆಳೆದ ರಾಗಿಯ ತೆನೆಗಳೆಲ್ಲ ಒಂದೇ ಸಮನಾಗಿರುವುದಿಲ್ಲವಷ್ಟೆ? ಹಾಗೆಯೇ ಕಾಲರಾ ಬ್ಯಾಕ್ಟೀರಿಯಗಳಲ್ಲಿಯೂ ಇನ್ನೂರಕ್ಕೂ ಮಿಕ್ಕಿದ ಬಗೆಗಳಿವೆ. ಅವುಗಳಲ್ಲಿ ಬಹುಪಾಲು ನದೀಮುಖಗಳ ಉಪ್ಪುನೀರಿನಲ್ಲಿ ಸೂಕ್ಷ್ಮ ಜಲಚರಗಳಿಗೆ ಅಂಟಿಕೊಂಡು ತಮ್ಮ ಪಾಡಿಗೆ ತಾವು ಇರುತ್ತವೆ. ಪಿಡುಗನ್ನು ಎಬ್ಬಿಸುವವು ಎರಡೇ ಬಗೆಯವು. ಅವುಗಳ ವಿಷದ ವಂಶವಾಹಿಯಾದರೂ ಸ್ವಂತದ್ದಲ್ಲ. ಅದು ಬ್ಯಾಕ್ಟೀರಿಯಗಳನ್ನು ಹೊಕ್ಕುವ ಒಂದು ವೈರಸ್ ಹೊತ್ತು ತಂದುಕೊಟ್ಟದ್ದೆಂದು 1996ರಲ್ಲಿ ತಿಳಿದುಬಂದಿತು. ರಾಸ್ ಬೆಂಗಳೂರಿನಲ್ಲಿ ಎದುರಿಸಿದ ಕಾಲದ ಹಳೆಯ ತಳಿಯನ್ನು 1961ರಲ್ಲಿ ಇಂಡೋನೇಷ್ಯದಿಂದ ಹೊರಟ ಎಲ್ ಟಾರ್ ಎಂಬ ತಳಿ ಕ್ರಮೇಣ ಮೂಲೆಗೆ ತಳ್ಳಿತು. 1992ರಲ್ಲಿ ಮದರಾಸಿನಲ್ಲಿ ಮತ್ತೊಂದು ಹೊಸ ಬಗೆ ಕಾಣಿಸಿಕೊಂಡು ಬಂಗಾಳದವರೆಗೂ ಹಬ್ಬಿತು. ಅದರೊಳಗೆ ಹಲವು ಔಷಧಗಳನ್ನು ಒಟ್ಟಿಗೆ ನಿಷ್ಫಲಗೊಳಿಸುವ ವಂಶವಾಹಿಗಳ ಗಂಟೊಂದು ಇದ್ದಿತು. ಒಂದು ಬ್ಯಾಕ್ಟೀರಿಯದಿಂದ ಇನ್ನೊಂದಕ್ಕೆ, ಬೇರೆ ಜಾತಿಯದಕ್ಕೂ, ಆ ಗಂಟು ಹಾಗೆಯೇ ದಾಟಿ ಹೋಗಬಲ್ಲದು.

ನಿರೋಧವು ಹುಟ್ಟುವ ಬಗೆ ಹೀಗೆ: ಅನುಕೂಲ ದೊರೆತರೆ ಅರ್ಧಗಂಟೆಯೊಳಗೆ ಒಂದು ಬ್ಯಾಕ್ಟೀರಿಯ ಎರಡಾಗುತ್ತದೆ. ಕೋಟಿಗಟ್ಟಲೆ ಮರಿಗಳಲ್ಲಿ ಎಲ್ಲೋ ಒಂದೆರಡಕ್ಕೆ, ಆಕಸ್ಮಿಕವಾದ ಬದಲಾವಣೆಯಿಂದಲೋ ಬೇರೆ ಬ್ಯಾಕ್ಟೀರಿಯದಿಂದ ಪಡೆದ ವಂಶವಾಹಿಯಿಂದಲೋ, ಔಷಧವನ್ನು ತಾಳಿಕೊಳ್ಳುವ ಶಕ್ತಿ ಇರುತ್ತದೆ. ಔಷಧವಿಲ್ಲದಿದ್ದಾಗ ಅದರಿಂದ ವಿಶೇಷ ಲಾಭವಿಲ್ಲ. ಔಷಧ ಬಿದ್ದೊಡನೆ ಉಳಿದವೆಲ್ಲ ಸತ್ತು, ತಾಳಿಕೊಂಡ ಒಂದೆರಡಕ್ಕೆ ಇಡೀ ಹೊಲವೇ ತೆರವಾಗುತ್ತದೆ. ಅಗತ್ಯವಿಲ್ಲದೆ ಔಷಧವನ್ನು ಕೊಟ್ಟಾಗಲೆಲ್ಲ ಈ ಆಯ್ಕೆ ನಡೆಯುತ್ತದೆ. 1977ರಲ್ಲಿ ಆಫ್ರಿಕದ ಟಾಂಜಾನಿಯದಲ್ಲಿ ಕಾಲರಾ ಬಂದಾಗ, ರೋಗ ಬಾರದವರಿಗೂ ಮುನ್ನೆಚ್ಚರಿಕೆಯೆಂದು ಟೆಟ್ರಾಸೈಕ್ಲಿನ್ನನ್ನು ಧಾರಾಳವಾಗಿ ಹಂಚಿದರು. ಕೆಲವೇ ತಿಂಗಳುಗಳಲ್ಲಿ ಅಲ್ಲಿನ ಬ್ಯಾಕ್ಟೀರಿಯಗಳಲ್ಲಿ ಹೆಚ್ಚಿನವು ಆ ಔಷಧಕ್ಕೆ ಜಗ್ಗದಂತಾದವು. ಆಹಾರ ನೀರುಗಳಿಂದಲೇ ಹರಡುವ ವಿಷಮಶೀತ ಜ್ವರದ ಬ್ಯಾಕ್ಟೀರಿಯವೂ ಇದೇ ದಾರಿ ಹಿಡಿಯಿತು. 1972ರಲ್ಲಿ ಕೇರಳದ ಕಲ್ಲಿಕೋಟೆಯಲ್ಲಿ ಅದು ಕ್ಲೋರಾಂಫೆನಿಕಾಲ್ ಔಷಧವನ್ನು ಲೆಕ್ಕಿಸದೆ ಹಬ್ಬಿತು. ಕೋಳಿ ದನಗಳನ್ನು ಬೇಗ ಕೊಬ್ಬಿಸಲು ಮೇವಿನಲ್ಲಿ ಔಷಧ ಬೆರೆಸುವ ರೂಢಿಯೂ ಈ ಆಯ್ಕೆಗೆ ನೆರವಾಗುತ್ತದೆ. ಮನುಷ್ಯರಿಗೆ ಕೊನೆಯ ಆಸರೆಯಾಗಿ ಉಳಿದಿದ್ದ ಕೊಲಿಸ್ಟಿನ್ ಎಂಬ ಔಷಧವನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಬಳಸುವುದನ್ನು ಭಾರತ ಸರ್ಕಾರ 2019ರಲ್ಲಿ ನಿಷೇಧಿಸಬೇಕಾಯಿತು.

ಬ್ಯಾಕ್ಟೀರಿಯ ಎಷ್ಟೇ ವೇಷ ಬದಲಿಸಿದರೂ ಅದು ಬರುವ ದಾರಿ ಬದಲಾಗಲಿಲ್ಲ. ರಾಸ್ ಔಷಧವಿಲ್ಲದೆ ಮಾಡಿದ ಚರಂಡಿ ಬಾವಿಗಳ ಕೆಲಸಕ್ಕೆ ಯಾವ ತಳಿಯೂ ನಿರೋಧವನ್ನು ಬೆಳೆಸಿಕೊಂಡಿಲ್ಲ. ಅವನು ದಂಡಿನಲ್ಲಿ ದುಡಿಯುತ್ತಿದ್ದ ದಿನಗಳಲ್ಲಿಯೇ ಪೇಟೆಯ ಕಡೆಗೂ ಒಂದು ದೊಡ್ಡ ಕಾರ್ಯ ಕೈಗೂಡುತ್ತಿತ್ತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಆಡಳಿತದಲ್ಲಿ, ಅರ್ಕಾವತಿ ನದಿಗೆ ಅಡ್ಡಲಾದ ಹೆಸರಘಟ್ಟದ ಕೆರೆಯಿಂದ ಕೊಳವೆಗಳಲ್ಲಿ ಬೆಂಗಳೂರಿಗೆ ನೀರು ತರುವ ಚಾಮರಾಜೇಂದ್ರ ಜಲಾಗಾರ 1896ರಲ್ಲಿ ಕೆಲಸಕ್ಕೆ ತೊಡಗಿತು. ಬಾವಿಯ ಹಗ್ಗ ಹಿಡಿದಿದ್ದ ಕೈಗಳು ನಲ್ಲಿಯನ್ನು ತಿರುಗಿಸಲು ಕಲಿತವು. ಎರಡೇ ವರ್ಷಗಳಲ್ಲಿ, 1898ರ ಆಗಸ್ಟಿನಲ್ಲಿ ಪ್ಲೇಗು ಬಂದೆರಗಿದಾಗ ಪೇಟೆಯ ಇಕ್ಕಟ್ಟಿನ ಮನೆಗಳ ಅಪಾಯ ಎಲ್ಲರಿಗೂ ಮನದಟ್ಟಾಗಿ, ಅಗಲವಾದ ಬೀದಿಗಳ ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳು ಮೈದಾಳಿದವು.

ಬೆಂಗಳೂರಿನ ದಿನಗಳು ರಾಸ್‌ನ ಪಾಲಿಗೆ ಹತಾಶೆಯ ದಿನಗಳೂ ಆಗಿದ್ದವು. ಹಗಲೆಲ್ಲ ನೈರ್ಮಲ್ಯದ ದುಡಿಮೆ. ಬಿಡುವು ದೊರೆತಾಗ ಸೊಳ್ಳೆ. ನೀರಿನಿಂದ ಮಲೇರಿಯ ಬರುವುದೆಂಬ ಮ್ಯಾನ್ಸನ್ನನ ಊಹೆಯಲ್ಲಿ ಅವನಿಗೆ ನಂಬಿಕೆ ಸಡಿಲವಾಗುತ್ತ ಬಂದಿತು. 1896ರ ವೇಳೆಗೆ ಸೊಳ್ಳೆಯ ಕಡಿತದ ಕಡೆಗೆ ಅವನ ಮನಸ್ಸು ವಾಲಿತು. ಬೌರಿಂಗ್ ಆಸ್ಪತ್ರೆಯ ಒಬ್ಬ ಸಹಾಯಕ ವೈದ್ಯರು, ಮಲೇರಿಯ ರೋಗಿಯನ್ನು ಕಡಿದ ಸೊಳ್ಳೆಗಳಿಂದ ತಾವೂ ಕಚ್ಚಿಸಿಕೊಳ್ಳಲು ಮುಂದೆ ಬಂದರು. ಅವರಿಗೆ ಜ್ವರ ಬರಲಿಲ್ಲ. ಅವರ ಅದೃಷ್ಟ, ರಾಸ್‌ನ ದುರದೃಷ್ಟ! ಅವನು ಬಳಸುತ್ತಿದ್ದುದು ಮನೆಯ ಸುತ್ತ ಹೇರಳವಾಗಿದ್ದ ಬೂದು ಬಣ್ಣದ ಹಾಗೂ ಪಟ್ಟೆಗಳಿದ್ದ ಸೊಳ್ಳೆಗಳನ್ನು. ಮನುಷ್ಯರ ಮಲೇರಿಯವನ್ನು ಹೊರುವ ಜಾತಿ ಅವಲ್ಲ. ಸೊಳ್ಳೆಗಳಲ್ಲಿಯೂ ಭೇದವಿದೆಯೆಂಬುದನ್ನು ಅರಿಯಲು ಅವನಿಗೆ ಇನ್ನೂ ಸಮಯ ಬೇಕಾಗಿತ್ತು. ನೂರಾರು ಸೊಳ್ಳೆಗಳನ್ನು ಸೀಳಿದರೂ ಕಂಡದ್ದು ಶೂನ್ಯ.

1897ರಲ್ಲಿ ಬೆಂಗಳೂರಿನ ಹೊಣೆ ಕಳಚಿತು. ರಜೆ ಪಡೆದು ಊಟಿಗೆ ಹೋದವನಿಗೆ ಕೆಳಗಿನ ಸಿಗೂರು ಘಾಟಿಯಲ್ಲಿ ಸ್ವತಃ ಮಲೇರಿಯ ತಗುಲಿತು. ಚೇತರಿಸಿಕೊಂಡು ಸಿಕಂದರಾಬಾದಿಗೆ ಮರಳಿದನು. ಆಗಸ್ಟ್ ತಿಂಗಳ ಸೆಕೆಯಲ್ಲಿ, ಸೊಳ್ಳೆಗಳು ಹಾರಿಹೋದಾವೆಂದು ಪಂಕವನ್ನೂ ಬೀಸಿಸಿಕೊಳ್ಳದೆ, ಬೆವರಿನಿಂದ ತುಕ್ಕು ಹಿಡಿದ ಸೂಕ್ಷ್ಮದರ್ಶಕದ ಮುಂದೆ ಕುಳಿತನು. ಹುಸೇನ್ ಖಾನ್ ಎಂಬ ರೋಗಿ, ಸೊಳ್ಳೆಯೊಂದಕ್ಕೆ ಒಂದಾಣೆಯಂತೆ ಕೂಲಿ ಪಡೆದು ಅವುಗಳಿಗೆ ತನ್ನ ರಕ್ತವನ್ನು ಉಣಿಸಿದನು. ಈ ಸಲದ ಸೊಳ್ಳೆಗಳು ಕಂದು ಬಣ್ಣದ, ಚುಕ್ಕಿ ರೆಕ್ಕೆಯ ಬೇರೊಂದು ಜಾತಿಯವು. ಅನಾಫಿಲಿಸ್ ಎಂದು ನಾವು ಕರೆಯುವುದು ಇದನ್ನೇ. ಆಗಸ್ಟ್ 20ರಂದು ಒಂದು ಸೊಳ್ಳೆಯ ಜಠರದ ಗೋಡೆಯಲ್ಲಿ ಮಲೇರಿಯದ ಕಪ್ಪು ಕಣಗಳಿದ್ದ ದುಂಡನೆಯ ಕೋಶಗಳು ಕಂಡವು. ಅಂದಿನ ಹರ್ಷವನ್ನು ರಾಸ್ ಒಂದು ಕವಿತೆಯಲ್ಲಿ ಬರೆದಿಟ್ಟನು.

ಅಷ್ಟರಲ್ಲಿ ಮತ್ತೆ ವರ್ಗ. ಈ ಸಲ ರಾಜಪುತಾನದ ಖೇರವಾಡಕ್ಕೆ. 1898ರಲ್ಲಿ ಕಲ್ಕತ್ತೆಗೆ ಬಂದ ಮೇಲೆ, ಮನುಷ್ಯರ ಬದಲು ಹಕ್ಕಿಗಳ ಮಲೇರಿಯವನ್ನು ತೆಗೆದುಕೊಂಡು, ಪರೋಪಜೀವಿಯು ಸೊಳ್ಳೆಯ ಜೊಲ್ಲಿನ ಗ್ರಂಥಿಯನ್ನು ಸೇರಿ ಕಡಿತದ ಮೂಲಕ ಹೊಸ ಹಕ್ಕಿಗೆ ದಾಟುವುದನ್ನು ಸಂಶಯಕ್ಕೆ ಎಡೆಯಿಲ್ಲದಂತೆ ತೋರಿಸಿದನು. 1899ರಲ್ಲಿ ಸೇವೆಯಿಂದ ನಿವೃತ್ತನಾಗಿ ಲಿವರ್‌ಪೂಲಿನ ಉಷ್ಣವಲಯ ವೈದ್ಯಶಾಲೆಯಲ್ಲಿ ಅಧ್ಯಾಪಕನಾದನು. 1902ರಲ್ಲಿ ನೊಬೆಲ್ ಪಾರಿತೋಷಕ, 1911ರಲ್ಲಿ ಸರ್ ಪದವಿ ಬಂದವು. ಸ್ವಭಾವದಲ್ಲಿ ಅವನು ಸೌಮ್ಯನಾಗಿರಲಿಲ್ಲ. ಕೀರ್ತಿಯಲ್ಲಿ ಪಾಲು ಕೇಳಿದ ಇಟಲಿಯ ಗ್ರಾಸಿಯೊಡನೆ ವರ್ಷಾನುಗಟ್ಟಲೆ ಕಾದಾಡಿದನು; ತನ್ನ ಸೇವೆಗೆ ತಕ್ಕ ಹಣ ದೊರೆಯಲಿಲ್ಲವೆಂದು ಸರ್ಕಾರದ ಮೇಲೆ ದೂರುತ್ತಲೇ ಇದ್ದನು; 1928ರಲ್ಲಿ ತನ್ನ ಕಾಗದಪತ್ರಗಳನ್ನೇ ಮಾರಿದನು. ಆದರೆ ಕಂಡುಹಿಡಿದುದನ್ನು ಬೀದಿಗೆ ಇಳಿಸುವ ಛಲ ಅವನಲ್ಲಿ ಕೊನೆಯವರೆಗೂ ಇತ್ತು. ಪಶ್ಚಿಮ ಆಫ್ರಿಕ, ಈಜಿಪ್ಟ್, ಮಾರಿಷಸ್‌ಗಳಿಗೆ ಹೋಗಿ ನಿಂತ ನೀರನ್ನು ಹರಿಸುವ, ತೊಟ್ಟಿಗಳನ್ನು ಮುಚ್ಚಿಸುವ ಕಾರ್ಯವನ್ನು ಬೋಧಿಸಿದನು. ಪ್ರಯೋಗಶಾಲೆಯ ವಿಜ್ಞಾನಿಯೊಬ್ಬನು ಚರಂಡಿಗಳ ಬಗ್ಗೆ ಇಷ್ಟು ಆಸ್ಥೆಯಿಂದ ಮಾತನಾಡುವುದು ಕೆಲವರಿಗೆ ವಿಚಿತ್ರವೆನಿಸಿರಬಹುದು. ಬೆಂಗಳೂರಿನ ಆ ದಿನಗಳನ್ನು ಬಲ್ಲವರಿಗೆ ಹಾಗೆ ಅನ್ನಿಸದು.

1927ರಲ್ಲಿ ಅವನು ಕೊನೆಯ ಸಲ ಭಾರತಕ್ಕೆ ಬಂದಾಗ ಕಲ್ಕತ್ತೆಯಲ್ಲಿ ಅವನ ಹೆಸರಿನ ಸ್ಮಾರಕ ದ್ವಾರ ಉದ್ಘಾಟನೆಯಾಯಿತು. 1931ರಲ್ಲಿ ಪತ್ನಿ ರೋಸಾ ತೀರಿಕೊಂಡಳು. ಮರುವರ್ಷ, ಸೆಪ್ಟೆಂಬರ್ 16ರಂದು, ಲಂಡನ್ನಿನಲ್ಲಿ ತನ್ನದೇ ಹೆಸರು ಹೊತ್ತ ಸಂಸ್ಥೆಯಲ್ಲಿ ರಾಸ್ ಕೊನೆಯುಸಿರೆಳೆದನು. ಪಟ್ನಿ ವೇಲ್ ಸ್ಮಶಾನದಲ್ಲಿ ಪತ್ನಿಯ ಪಕ್ಕದಲ್ಲಿ ಅವನನ್ನು ಮಣ್ಣು ಮಾಡಿದರು.

ಅವನನ್ನು ಬೆಂಗಳೂರಿಗೆ ಎಳೆತಂದ ಆ ಬ್ಯಾಕ್ಟೀರಿಯ ಇನ್ನೂ ಇದೆ. 2024ರ ಏಪ್ರಿಲ್ ತಿಂಗಳಿನಲ್ಲಿ, ಕೊಳವೆ ಬಾವಿಗಳು ಬತ್ತಿ ಊರೆಲ್ಲ ಟ್ಯಾಂಕರುಗಳ ನೀರಿಗಾಗಿ ಕಾದಿದ್ದ ಬೇಸಿಗೆಯಲ್ಲಿ, ಬೆಂಗಳೂರಿನಲ್ಲಿ ಕಾಲರಾದ ಕೆಲವು ಪ್ರಕರಣಗಳು ಪತ್ತೆಯಾದವು. ಆರೋಗ್ಯ ಇಲಾಖೆಯವರು ನೀರಿನ ಮಾದರಿಗಳನ್ನು ಸಂಗ್ರಹಿಸಲು ಹೊರಟರು.